ಸುಬೇದಾರರ ಜಗಲಿ: ಅಟ್ಟದ ಡಬ್ಬಿಯಲ್ಲಿ 50 ತೋಟಾ

(ಸೈನ್ಯದಲ್ಲಿ 28 ವರ್ಷ ಆರ್ಮರರ್ (ಆಯುಧಗಳ ರಿಪೇರಿ, ಉಸ್ತುವಾರಿ ನೋಡುವವರು) ಆಗಿದ್ದು, ಈಗ ಸೋಮವಾರಪೇಟೆಯಲ್ಲಿ ಕಾಫಿ, ಮೆಣಸು ನೋಡಿಕೊಂಡಿರುವ ನಿವೃತ್ತ ಸುಬೇದಾರರು ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಸುಬೇದಾರ್ ಸಾಹೇಬ್ರೆ, ನಮಸ್ಕಾರ. ನಮ್ಮ ಅಜ್ಜ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರ ಹತ್ತಿರ ಲೈಸನ್ಸ್ ಇದ್ದ ಒಂದು ಸಣ್ಣ ರೈಫಲ್ ಇತ್ತು. ಅವರು ತೀರಿಕೊಂಡು 30 ವರ್ಷ ದಾಟಿತು. ರೈಫಲನ್ನು ಅಪ್ಪ ಆಗಲೇ ಠಾಣೆಗೆ ಒಪ್ಪಿಸಿದ್ದರು. ಕಳೆದ ತಿಂಗಳು ಹಂಚು ಬದಲಾಯಿಸಲು ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ 41 ಸಣ್ಣ ತೋಟಾ, 9 ದಪ್ಪ ತೋಟಾ. ಯಾವುದಕ್ಕೂ ಹಿಂದೆ ಕೇಪು (ಪಿನ್ನು ಬಡಿದಾಗ ಸಿಡಿಯುವ ಬಿಲ್ಲೆ) ಇಲ್ಲ, ತಳ ನುಣ್ಣಗಿದೆ. ಸಣ್ಣವುಗಳಲ್ಲಿ ಕೆಲವಕ್ಕೆ ಇಂಗ್ಲಿಷಿನ ಐಸಿಐ, ಕೆಲವಕ್ಕೆ ಕೆಎಫ್ ಅಂತ ಒತ್ತಿದೆ. ದಪ್ಪದವಕ್ಕೆ ಬರೀ ಎಚ್. ಸೀಸದ ಮೇಲೆ ಬಿಳಿ ಬೂಷ್ಟು ಬಂದ ಹಾಗಿದೆ. ಮೂರರ ಅಂಚಿನಲ್ಲಿ ಏನೋ ಜಜ್ಜಿದ ಗುರುತಿದೆ. ನನ್ನ 9 ವರ್ಷದ ಮಗ ಅವನ್ನೆಲ್ಲ ಸಿಪಾಯಿಗಳ ಹಾಗೆ ಸಾಲಾಗಿ ನಿಲ್ಲಿಸಿಕೊಂಡು ಆಡುತ್ತಿದ್ದ. ಕೇಪೇ ಇಲ್ಲ ಅಂದಮೇಲೆ ಸತ್ತ ತೋಟಾ ತಾನೇ? ಹೇಮಾವತಿ ಹೊಳೆಗೆ ಹಾಕಿಬಿಡಲಾ? ಗ್ರಾಫ್ ಹಾಳೆಯ ಮೇಲಿಟ್ಟು ಫೋಟೋ ತೆಗೆದು ಕಳಿಸಿದ್ದೇನೆ.
— ಸಕಲೇಶಪುರ ತಾಲ್ಲೂಕಿನ ಓದುಗರು (ಹೆಸರು ಬೇಡ ಅಂದಿದ್ದಾರೆ)

ಉತ್ತರ: ಮೊದಲು ಹುಡುಗನ ಕೈಯಿಂದ ಡಬ್ಬಿ ಬಿಡಿಸಿ. ಅವನ ಕೈ ಸೋಪು ಹಾಕಿ ತೊಳೆಸಿ. ಉಳಿದದ್ದನ್ನು ಆಮೇಲೆ ಓದಿ.

ಆಯ್ತಾ? ಈಗ ಕೂತುಕೊಳ್ಳಿ. ನಿಮ್ಮ ತೋಟಾಗಳಿಗೆ ಕೇಪು ಇಲ್ಲ ಅಂತ ಯಾರು ಹೇಳಿದ್ದು? ಇದೆ. ಕಾಣುವುದಿಲ್ಲ, ಅಷ್ಟೆ.

ನಮ್ಮ ಕಡೆ ಹನ್ನೆರಡು ಬೋರಿನ ಕೋವಿಯ ತೋಟಾ ನೋಡಿ ಅಭ್ಯಾಸವಾದವರಿಗೆ ತಳದ ನಡುವೆ ಒಂದು ಗುಂಡನೆಯ ಕೇಪು ಕಾಣಬೇಕು. ಅದು ಸೆಂಟರ್‌ಫೈರ್. ಪಿನ್ನು ನಡುವಿಗೆ ಹೊಡೆಯುತ್ತದೆ. ನಿಮ್ಮದು ರಿಮ್‌ಫೈರ್. ಇದರಲ್ಲಿ ತಳದ ಅಂಚು ಒಳಗಿನಿಂದ ಟೊಳ್ಳು. ಕಾರ್ಖಾನೆಯಲ್ಲಿ ಸಿಡಿಯುವ ಮದ್ದನ್ನು ಒದ್ದೆಯಾಗಿ ಹಾಕಿ, ಕೇಸನ್ನು, ಅಂದರೆ ತೋಟಾದ ಲೋಹದ ಕೊಳವೆಯನ್ನು, ಗಿರ್ರನೆ ತಿರುಗಿಸುತ್ತಾರೆ. ಹೋಳಿಗೆಯಲ್ಲಿ ಹೂರಣ ಅಂಚಿನ ತನಕ ಹೋಗಿ ಕೂರುತ್ತಲ್ಲ, ಹಾಗೆ ಮದ್ದು ಸುತ್ತಲೂ ಅಂಚಿನೊಳಗೆ ಹೋಗಿ ಕೂರುತ್ತದೆ. ಒಣಗಿದ ಮೇಲೆ ಪುಡಿಮದ್ದು ತುಂಬಿ ಗುಂಡು ಕೂರಿಸುತ್ತಾರೆ. ಕೋವಿಯ ಪಿನ್ನು ಆ ಅಂಚನ್ನು ಎಲ್ಲಿ ಜಜ್ಜಿದರೂ ಹೊತ್ತಿಕೊಳ್ಳುತ್ತದೆ. ಅಂದರೆ ಇಡೀ ಅಂಚೇ ಕೇಪು. ನಿಮ್ಮ ಮಗ ಅವನ್ನು ನಿಲ್ಲಿಸಿದ್ದು ಅದೇ ಅಂಚಿನ ಮೇಲೆ.

ಹೆದರಿಸಲು ಹೇಳುತ್ತಿಲ್ಲ. ಮೇಜಿನ ಮೇಲೆ ನಿಲ್ಲಿಸಿದ ಮಾತ್ರಕ್ಕೆ ಸಿಡಿಯುವುದಿಲ್ಲ. ಆದರೆ ಒಂದು ಮೊಳೆ, ಒಂದು ಸುತ್ತಿಗೆ ಸಿಕ್ಕಿದ್ದರೆ ಕಥೆ ಬೇರೆ. ಒಂಬತ್ತು ವರ್ಷದ ಹುಡುಗರಿಗೆ ಸುತ್ತಿಗೆ ಹೇಗೋ ಸಿಕ್ಕೇ ಸಿಗುತ್ತದೆ.

ಇನ್ನು ನಿಮ್ಮ ಫೋಟೋ. ಗ್ರಾಫ್ ಹಾಳೆಯ ಮೇಲಿಟ್ಟದ್ದು ಬಹಳ ಒಳ್ಳೆಯ ಬುದ್ಧಿ. ನನ್ನ ಕೆಲಸ ಅರ್ಧ ಮುಗಿಯಿತು. ಸಣ್ಣವುಗಳ ಕೇಸು ಸುಮಾರು 15 ಮಿಲಿಮೀಟರ್ ಉದ್ದ, ತುದಿಯಿಂದ ತಳದವರೆಗೆ 25. ಗುಂಡು ಮತ್ತು ಕೇಸು ಒಂದೇ ದಪ್ಪ, 5.7 ಮಿಲಿಮೀಟರ್ ಹತ್ತಿರ. ಇದು ಎಲ್ಲರಿಗೂ ಗೊತ್ತಿರುವ ಪಾಯಿಂಟ್ ಟೂ ಟೂ. ಪೂರ್ತಿ ಹೆಸರು .22 ಲಾಂಗ್ ರೈಫಲ್. ಎನ್‌ಸಿಸಿಯಲ್ಲಿ ಮಣ್ಣಿನ ಮೇಲೆ ಮಲಗಿ ಹೊಡೆದವರೆಲ್ಲ ಹೊಡೆದದ್ದು ಇದನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದದ್ದೂ ಇದರಲ್ಲೇ. 1887ರಲ್ಲಿ ಅಮೆರಿಕದಲ್ಲಿ ಹುಟ್ಟಿದ ತೋಟಾ, ಇವತ್ತಿಗೂ ಕೋಟಿಗಟ್ಟಲೆ ತಯಾರಾಗುತ್ತಿದೆ.

ಇದಕ್ಕೆ ಒಬ್ಬ ಅಣ್ಣನಿದ್ದಾನೆ, .22 ಶಾರ್ಟ್. ಕೇಸು 10.7 ಮಿಲಿಮೀಟರ್, ಗಿಡ್ಡ. ಅದು ಬಂದದ್ದು 1857ರಲ್ಲಿ, ಸ್ಮಿತ್ ಅಂಡ್ ವೆಸನ್ ಕಂಪನಿಯ ಪುಟ್ಟ ರಿವಾಲ್ವರ್ ಜೊತೆ. ಇಸವಿ ಗಮನಿಸಿದಿರಾ? ಹಲ್ಲಿನಿಂದ ಕಚ್ಚಿ ಹರಿಯಬೇಕಾದ, ಕೊಬ್ಬು ಸವರಿದ ಕಾಗದದ ತೋಟಾಕ್ಕಾಗಿ ನಮ್ಮ ಸಿಪಾಯಿಗಳು ತಿರುಗಿಬಿದ್ದ ವರ್ಷ. ಇಲ್ಲಿ ಕಾಗದದ ತೋಟಾಕ್ಕೆ ಸಾಮ್ರಾಜ್ಯ ಅಲುಗಾಡುತ್ತಿದ್ದಾಗ ಅಲ್ಲಿ ಒಬ್ಬ ಲೋಹದ ತೋಟಾ ಮಾರಾಟಕ್ಕಿಟ್ಟಿದ್ದ. ನನಗೆ ಇದನ್ನು ಯಾರಿಗಾದರೂ ಹೇಳದಿದ್ದರೆ ಸಮಾಧಾನ ಇಲ್ಲ, ಕ್ಷಮಿಸಿ.

ಅಕ್ಷರಗಳಿಗೆ ಬರೋಣ. ಕೆಎಫ್ ನಮ್ಮದೇ, ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯದು. ಬ್ರಿಟಿಷರು ಕಿರ್ಕಿ ಅನ್ನುತ್ತಿದ್ದರು, ಅದಕ್ಕೇ ಕೆ. ಐಸಿಐ ಅಂದರೆ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್, ಬಣ್ಣ, ಗೊಬ್ಬರ ಮಾಡುತ್ತಿದ್ದ ಇಂಗ್ಲೆಂಡಿನ ಕಂಪನಿಯೇ. ಆ ಕಂಪನಿ ಹುಟ್ಟಿದ್ದು 1926ರಲ್ಲಿ. ಹಾಗಾಗಿ ಐಸಿಐ ಅಂತ ಒತ್ತಿದ ತೋಟಾ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ತಳದ ಅಕ್ಷರದಿಂದ ವಯಸ್ಸು ಹೇಳುವುದು ಹೀಗೆ. ಜಾತಕದ ಹಾಗೆ ಗಳಿಗೆ ವಿಗಳಿಗೆ ಸಿಗುವುದಿಲ್ಲ, ಇದಕ್ಕಿಂತ ಮುಂಚೆ ಅಲ್ಲ ಅಂತ ಗೊತ್ತಾಗುತ್ತದೆ.

ಎಚ್ ಅಕ್ಷರದ ಕಥೆ ಇನ್ನೂ ಚೆನ್ನಾಗಿದೆ. ಅದು ವಿಂಚೆಸ್ಟರ್ ಕಂಪನಿಯದು. ಹಾಗಾದರೆ ಡಬ್ಲ್ಯೂ ಇರಬೇಕಿತ್ತಲ್ಲ ಅಂತೀರಾ? ಆಲಿವರ್ ವಿಂಚೆಸ್ಟರ್ ಅನ್ನುವವರ ಕಾರ್ಖಾನೆಯಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಅಂತ ಒಬ್ಬ ಮೇಲ್ವಿಚಾರಕರಿದ್ದರು. 1860ರಲ್ಲಿ ಅವರ ಹೆಸರಿನಲ್ಲೇ ಒಂದು ರೈಫಲ್ ಬಂತು. ಅದಕ್ಕೆ .44 ಅಳತೆಯ ದೊಡ್ಡ ರಿಮ್‌ಫೈರ್ ತೋಟಾ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಕೋವಿ ಅದು. ಹೆನ್ರಿಯ ನೆನಪಿಗೆ ತಳದಲ್ಲಿ ಒತ್ತಿದ ಎಚ್, ಆಮೇಲೂ ಎಷ್ಟೋ ದಶಕ ಆ ಕಂಪನಿಯ ರಿಮ್‌ಫೈರ್ ತೋಟಾಗಳ ಮೇಲೆ ಉಳಿಯಿತು. ಮೇಸ್ತ್ರಿಯ ಹೆಸರು ಮಾಲಿನ ಮೇಲೆ, ಮಾಲೀಕನ ಹೆಸರು ಬೋರ್ಡಿನ ಮೇಲೆ!

ನಿಮ್ಮ ದಪ್ಪ ತೋಟಾಗಳ ಕೇಸು ಗ್ರಾಫಿನಲ್ಲಿ ಸುಮಾರು 8 ಮಿಲಿಮೀಟರ್ ದಪ್ಪ ಬರುತ್ತಿದೆ. ಅದು .32 ರಿಮ್‌ಫೈರ್. ಪಾಯಿಂಟ್ 32 ಅಂದ ತಕ್ಷಣ ಕೆಲವರಿಗೆ ಕಾನ್ಪುರದ ರಿವಾಲ್ವರ್ ನೆನಪಾಗುತ್ತದೆ. ಅದು ಬೇರೆ, ಅದಕ್ಕೆ ನಡುವೆ ಕೇಪಿದೆ. ಇದು ಅಮೆರಿಕದಲ್ಲಿ 1860ರ ದಶಕದಲ್ಲಿ ಬಂದು, ಸಣ್ಣ ರಿವಾಲ್ವರ್‌ಗಳಲ್ಲೂ ಹಗುರ ರೈಫಲ್‌ಗಳಲ್ಲೂ ಓಡಾಡಿ, ಎರಡನೇ ಮಹಾಯುದ್ಧದ ಹೊತ್ತಿಗೆ ಬಹುತೇಕ ಮೂಲೆಗೆ ಸೇರಿದ ತೋಟಾ. ನಿಮ್ಮ ಅಜ್ಜನ ರೈಫಲ್ ಒಳಗೆ ಇದು ತೂರುವುದೇ ಇಲ್ಲ. ಎಸ್ಟೇಟಿನ ದೊರೆ ಯಾರೋ ಊರಿಗೆ ಹೊರಟಾಗ ಬಿಟ್ಟುಹೋದದ್ದನ್ನು ಅಜ್ಜ ಬಿಸಾಡಲು ಮನಸ್ಸಾಗದೆ ಎತ್ತಿಟ್ಟಿರಬೇಕು. ರೈಟರುಗಳು ಹಾಗೇ ಅಲ್ವಾ? ಒಂದು ಗುಂಡುಸೂಜಿಯನ್ನೂ ಬಿಸಾಡಿದವರಲ್ಲ.

ಇಂಥ ದೊಡ್ಡ ರಿಮ್‌ಫೈರ್‌ಗಳೆಲ್ಲ ಯಾಕೆ ಸತ್ತವು, ಸಣ್ಣ .22 ಮಾತ್ರ ಯಾಕೆ ಬದುಕಿತು ಅಂತ ಸೈನ್ಯದಲ್ಲಿ ಹೊಸ ಹುಡುಗರು ಕೇಳುತ್ತಿದ್ದರು. ಕಾರಣ ಸರಳ. ಪಿನ್ನು ಅಂಚನ್ನು ಜಜ್ಜಬೇಕಾದರೆ ಲೋಹ ತೆಳ್ಳಗಿರಬೇಕು. ಲೋಹ ತೆಳ್ಳಗಿದ್ದರೆ ಜಾಸ್ತಿ ಮದ್ದು ತಡೆಯುವುದಿಲ್ಲ, ಅಂಚು ಹರಿಯುತ್ತದೆ. ತಾಕತ್ತು ಬೇಕು ಅಂದವರು ನಡುವೆ ಕೇಪಿಟ್ಟು, ತಳ ದಪ್ಪ ಮಾಡಿದರು. 1866ರ ಸುಮಾರಿಗೆ ಅಮೆರಿಕದಲ್ಲಿ ಬರ್ಡನ್, ಇಂಗ್ಲೆಂಡಿನಲ್ಲಿ ಬಾಕ್ಸರ್ ಅನ್ನುವ ಇಬ್ಬರು ಸೇನಾಧಿಕಾರಿಗಳು ಎರಡು ಬಗೆಯ ಕೇಪು ತಂದರು. ಇವತ್ತಿನ ಸೆಂಟರ್‌ಫೈರ್ ತೋಟಾಗಳಲ್ಲಿ ಹೆಚ್ಚಾಗಿ ಇರುವುದು ಅವೇ ಎರಡು. ಹಗುರ ಕೆಲಸಕ್ಕೆ, ಕಡಿಮೆ ಖರ್ಚಿಗೆ .22 ಸಾಕಾಗಿತ್ತು, ಉಳಿದುಕೊಂಡಿತು.

ಬಿಳಿ ಬೂಷ್ಟಿನ ವಿಚಾರ. ಅದು ಬೂಷ್ಟಲ್ಲ, ಸೀಸಕ್ಕೆ ತೇವ ಗಾಳಿ ತಗುಲಿ ಬಂದ ಪುಡಿ. ವಿಷ. ಊದಬೇಡಿ, ಉಜ್ಜಬೇಡಿ. ಕೈ ತೊಳೆಯಿರಿ ಅಂದದ್ದು ಅದಕ್ಕೇ. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದ್ದರೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ. ನಗಬೇಡಿ, ಹಾಗೆ ಮಾಡಿದವರನ್ನು ನೋಡಿದ್ದೇನೆ. ದೇವರ ದೀಪದ ಜೊತೆ ತೋಟಾ ಬೆಳಗಿ ಶೋಕೇಸಿನಲ್ಲಿಟ್ಟಿದ್ದರು. ಹಳೆಯ ಹಿತ್ತಾಳೆ ಕೇಸುಗಳಲ್ಲಿ ಒಳಗಿನ ಮದ್ದಿಗೆ ಪಾದರಸ ಸೇರಿರುತ್ತಿತ್ತು. ಒಂದು ಸಲ ಹೊಡೆದ ಮೇಲೆ ಆ ಪಾದರಸ ಹಿತ್ತಾಳೆಗೆ ಇಳಿದು ಹಪ್ಪಳದ ಹಾಗೆ ಮಾಡಿಬಿಡುತ್ತದೆ. ಖಾಲಿ ಕೇಸು ಸಿಕ್ಕರೂ ಕೈಯಲ್ಲಿ ಹಿಸುಕಬೇಡಿ, ಅಂಚು ಕೊಯ್ಯುತ್ತದೆ.

ನಿಮ್ಮ ಡಬ್ಬಿಯಲ್ಲಿ ನನಗೆ ನಿಜವಾಗಿ ಇಷ್ಟವಾಗದ್ದು ಆ ಮೂರು. ಅಂಚಿನಲ್ಲಿ ಜಜ್ಜಿದ ಗುರುತಿದೆ, ಗುಂಡು ಇನ್ನೂ ಕೂತೇ ಇದೆ. ಅಂದರೆ ಅಜ್ಜ ಹೊಡೆದಿದ್ದಾರೆ, ಹೊತ್ತಿಲ್ಲ. ಪಿನ್ನು ಬಿದ್ದ ಜಾಗದಲ್ಲಿ ಮದ್ದು ಉದುರಿಹೋಗಿರಬಹುದು, ಉಳಿದ ಸುತ್ತಿನಲ್ಲಿ ಹಾಗೇ ಇರುತ್ತದೆ. ಠುಸ್ ಆದದ್ದು, ಇನ್ನೇನು ಅಂತ ಜನ ಇದನ್ನೇ ಮಕ್ಕಳ ಕೈಗೆ ಕೊಡುತ್ತಾರೆ. ಸಡಿಲವಾದ ಮದ್ದಿರುವ ತೋಟಾದ ಜೊತೆ ಆಟ ಆಡುವುದು ಯಾರಿಗೂ ಬೇಡ.

ಹೊಳೆಗೆ ಹಾಕಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನು ಹಿಡಿಯುವ ಹುಡುಗರಿಗೆ ಸಿಗುತ್ತದೆ. ಹೂಳಬೇಡಿ, ಗುದ್ದಲಿಗೆ ಸಿಗುತ್ತದೆ. ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಕಸ ಒತ್ತುವ ಯಂತ್ರ ಇರುತ್ತದೆ, ಕೈಯಿಂದ ಆರಿಸುವ ಹೆಂಗಸರು ಇರುತ್ತಾರೆ. ಬೆಂಕಿಗೆ ಅಂತೂ ಬೇಡವೇ ಬೇಡ. ಕೋವಿಯ ಹೊರಗೆ ಸಿಡಿದ ತೋಟಾದಲ್ಲಿ ಗುಂಡು ಅಷ್ಟು ದೂರ ಹೋಗುವುದಿಲ್ಲ. ಅದು ಭಾರ, ತಳ್ಳಲು ನಳಿಗೆಯೂ ಇಲ್ಲ. ಹಾರುವುದು ಹಿತ್ತಾಳೆ ಚೂರು. ಕಣ್ಣಿಗೆ ಅಷ್ಟು ಸಾಕು. ಎಣ್ಣೆಯಲ್ಲೋ ಸೀಮೆಎಣ್ಣೆಯಲ್ಲೋ ನೆನೆಸಿಟ್ಟರೆ ಸಾಯುತ್ತವೆ ಅನ್ನುವ ಮಾತೂ ನಂಬಬೇಡಿ. ಕೆಲವು ಸಾಯುತ್ತವೆ, ಕೆಲವು ಇಲ್ಲ. ಯಾವುದು ಅಂತ ಮೇಲಿಂದ ನೋಡಿ ಹೇಳಲು ನನಗೂ ಬರುವುದಿಲ್ಲ. ಇಕ್ಕಳದಲ್ಲಿ ಗುಂಡು ಕೀಳುವ ಬುದ್ಧಿವಂತರಿಗೆ ನನ್ನ ಹತ್ತಿರ ಉತ್ತರವಿಲ್ಲ, ಕೈಮುಗಿಯುತ್ತೇನೆ.

ಏನು ಮಾಡಬೇಕು? ಒಂದು ಗಟ್ಟಿ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಒಂದಕ್ಕೊಂದು ಬಡಿಯದ ಹಾಗೆ ಹತ್ತಿ ಇಟ್ಟು ಮಲಗಿಸಿ. ಜಜ್ಜಿದ ಮೂರನ್ನು ಬೇರೆ ಡಬ್ಬಿಯಲ್ಲಿಡಿ. ಒಲೆ, ದೇವರ ದೀಪ, ಬಿಸಿಲು ಬೀಳುವ ಕಿಟಕಿಯಿಂದ ದೂರ, ಬೀಗ ಹಾಕುವ ಜಾಗದಲ್ಲಿರಲಿ. ಎಣಿಸಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಠಾಣೆಗೆ ಫೋನ್ ಮಾಡಿ, ಅಜ್ಜನ ಕಾಲದ ತೋಟಾ ಸಿಕ್ಕಿದೆ, ಬಂದು ತೆಗೆದುಕೊಂಡು ಹೋಗುತ್ತೀರಾ ಅಥವಾ ನಾನೇ ತರಲಾ ಅಂತ ಕೇಳಿ. ಕೇಳದೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ. ದಾರಿಯಲ್ಲಿ ಯಾರಾದರೂ ಚೀಲ ನೋಡಿದರೆ ನಿಮ್ಮ ಒಳ್ಳೆಯ ಉದ್ದೇಶ ಚೀಲದ ಮೇಲೆ ಬರೆದಿರುವುದಿಲ್ಲ.

ಕಾನೂನು ಹೀಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಗೆ ಬೇಕಾದ ಹಾಗೆಯೇ ತೋಟಾಕ್ಕೂ ಲೈಸನ್ಸ್ ಬೇಕು. ಹಳೆಯದು, ಹೊಸದು ಅಂತ ಭೇದ ಇಲ್ಲ. ಅಜ್ಜನ ಲೈಸನ್ಸ್ ಅಜ್ಜನ ಜೊತೆಗೇ ಹೋಯಿತು. ಇಟ್ಟುಕೊಳ್ಳುವ ಹಕ್ಕು ಹೋದಮೇಲೆ ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಗೋ ಲೈಸನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಡಬ್ಬಿ ಸಿಕ್ಕಿ ಒಂದು ತಿಂಗಳಾಯಿತು ಅಂತ ಬರೆದಿದ್ದೀರಿ. ಇನ್ನು ಒಂದು ದಿನವೂ ಬೇಡ.

ಒಂದು ಅರ್ಜಿ ಬರೆಯಿರಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಎಷ್ಟು, ತಳದಲ್ಲಿ ಏನು ಒತ್ತಿದೆ, ಅಜ್ಜನ ಹೆಸರು, ಹಳೇ ಲೈಸನ್ಸ್ ನಂಬರು ಸಿಕ್ಕರೆ ಅದು. ಎರಡು ಪ್ರತಿ ಮಾಡಿ. ಒಂದರ ಮೇಲೆ ಠಾಣೆಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಇದೊಂದು ಮಾತ್ರ ಬಿಡಬೇಡಿ. ನನ್ನ ಗೆಳೆಯರೊಬ್ಬರಿಗೆ ಒಂದು ಠಾಣೆಯಲ್ಲಿ ಮೂರು ಸಲ "ನಾಳೆ ಬನ್ನಿ" ಅಂದರು. ನಾಲ್ಕನೇ ಸಲ ಅವರು ಜಿಲ್ಲಾ ಎಸ್ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಹಾಕಿದರು. ಮರುವಾರ ಜೀಪು ಮನೆಗೇ ಬಂತು. ಪೋಸ್ಟ್ ಮಾಡಿದ್ದು ಅರ್ಜಿಯನ್ನು, ತೋಟಾವನ್ನಲ್ಲ. ಇದನ್ನೂ ಬಿಡಿಸಿ ಹೇಳಬೇಕಾಗಿದೆ, ಯಾಕೆಂದರೆ ಒಬ್ಬ ಓದುಗರು ಹೋದ ವರ್ಷ ನನಗೆ ಕವರಿನಲ್ಲಿ ಒಂದು ಸ್ಯಾಂಪಲ್ ಕಳಿಸಿದ್ದರು. ದಯವಿಟ್ಟು ಬೇಡ. ಫೋಟೋ ಸಾಕು.

ಪ್ರಶ್ನೆ: ನನ್ನ ಮಾವನವರ .22 ರೈಫಲ್ ಈಗ ನನ್ನ ಹೆಸರಿನಲ್ಲಿದೆ. ಜೊತೆಗೆ 1960ರ ದಶಕದ ಎರಡು ಪ್ಯಾಕೆಟ್ ತೋಟಾ ಇದೆ, ಒಳಗೆಲ್ಲ ಫಳಫಳ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ) ಹಬ್ಬದ ತೆಂಗಿನಕಾಯಿ ಸ್ಪರ್ಧೆಗೆ ಬಳಸಬಹುದಾ? ಹೊಸ ತೋಟಾ ಸಿಗುವುದೂ ಕಷ್ಟ, ಬೆಲೆಯೂ ಜಾಸ್ತಿ.
— ಮಡಿಕೇರಿಯ ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನಿಮಗೆ ಉಪದೇಶ ಮಾಡುವ ಬದಲು ನನ್ನ ದಡ್ಡತನದ ಕಥೆ ಹೇಳುತ್ತೇನೆ. ನಾನು ಆರ್ಮರರ್ ಆಗುವುದಕ್ಕಿಂತ ಮುಂಚಿನದು, ಅದೊಂದೇ ನನ್ನ ಸಮರ್ಥನೆ.

1974. ನನಗೆ ಹದಿನೇಳು. ದೊಡ್ಡಪ್ಪನ ಹತ್ತಿರ ಒಂದೊಂದೇ ತೋಟಾ ಹಾಕಿ ಹೊಡೆಯುವ .22 ಇತ್ತು. ತೆಂಗಿನಕಾಯಿಗೆ ಹೊಡೆಯುವ ಪಂದ್ಯ. ದೊಡ್ಡಪ್ಪ ತನ್ನ ಒಳ್ಳೆಯ ತೋಟಾ ತನಗೆ ಇಟ್ಟುಕೊಂಡು, ನನಗೆ ಯಾವುದೋ ಕಾಲದ ಹಳೇ ತೋಟಾ ಮೂರು ಕೊಟ್ಟರು. ಮೊದಲನೆಯದು ಟಿಕ್ ಅಂತು, ಅಷ್ಟೆ. ನಾನು ಕೂಡಲೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎಳೆದು ತೆಗೆದೆ. ಇದು ಮೊದಲ ತಪ್ಪು. ಹಳೆಯ ಮದ್ದು ಒಮ್ಮೊಮ್ಮೆ ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ. ಟಿಕ್ ಅಂದ ಮೇಲೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಡಿಮೆ ಅಂದರೂ ಅರ್ಧ ನಿಮಿಷ ಅಲುಗಾಡದೆ ನಿಲ್ಲಬೇಕು. ಬೋಲ್ಟ್ ತೆಗೆದ ಮೇಲೆ ಹೊತ್ತಿಕೊಂಡಿದ್ದರೆ ಮುಖಕ್ಕೆ.

ಎರಡನೆಯದು "ಪುಸ್" ಅಂತು. ಕಾಯಿ ಅಲುಗಾಡಲಿಲ್ಲ. ಗುರಿ ತಪ್ಪಿತು ಅಂತ ಸುತ್ತ ನಿಂತವರು ನಕ್ಕರು. ನನಗೆ ಅವಮಾನ. ಗಡಿಬಿಡಿಯಲ್ಲಿ ಮೂರನೆಯದು ಹಾಕಿ ಹೊಡೆದೆ. ಈ ಸಲ ಸದ್ದೇನೋ ಜೋರಾಗಿಯೇ ಬಂತು, ಕಾಯಿ ಆಗಲೂ ಹಾಗೇ ಇತ್ತು. ದೊಡ್ಡಪ್ಪ ಕೋವಿ ಕಿತ್ತುಕೊಂಡು ನಳಿಗೆ ಮೇಲೆ ಬೆರಳಾಡಿಸಿದರು. ನಡುಮಧ್ಯೆ ಇಲಿ ನುಂಗಿದ ಹಾವಿನ ಹಾಗೆ ಉಬ್ಬಿತ್ತು. ಎರಡನೆಯ ಗುಂಡು ನಳಿಗೆಯಿಂದ ಹೊರಗೆ ಹೋಗಿರಲೇ ಇಲ್ಲ. ಮದ್ದು ಸಾಲದೆ ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಮೂರನೆಯದು ಹೋಗಿ ಅದಕ್ಕೆ ಗುದ್ದಿತ್ತು. .22 ಆದ್ದರಿಂದ ಉಬ್ಬಿತು, ದೊಡ್ಡ ರೈಫಲ್ ಆಗಿದ್ದರೆ ನಳಿಗೆಯೇ ಸೀಳಿ, ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ನನಗೆ ಎಡಗೈ ಇರುತ್ತಿತ್ತೋ ಇಲ್ಲವೋ. ದೊಡ್ಡಪ್ಪ ಬೈಯಲಿಲ್ಲ. ಒಂದು ವಾರ ಮಾತೇ ಆಡಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮ ತೋಟಾ ಫಳಫಳ ಇದೆ ಅಂದಿರಿ. ಹೊರಗಿನ ಹೊಳಪಿಗೂ ಅಂಚಿನೊಳಗಿನ ಮದ್ದಿಗೂ ಸಂಬಂಧ ಇಲ್ಲ. ರಟ್ಟಿನ ಡಬ್ಬಿಯಲ್ಲಿ ಎಷ್ಟು ಆಷಾಢ ಕಳೆದಿದೆ, ಯಾವ ಒಲೆಯ ಮೇಲಿನ ಅಟ್ಟದಲ್ಲಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಣಗಿದ ತಂಪು ಜಾಗದಲ್ಲಿದ್ದ ತೋಟಾ 60 ವರ್ಷದ ನಂತರವೂ ಸರಿಯಾಗಿ ಹೊಡೆದದ್ದನ್ನು ಕಂಡಿದ್ದೇನೆ. ಮಡಿಕೇರಿಯನ್ನು ಒಣಗಿದ ಜಾಗ ಅಂತ ಇದುವರೆಗೆ ಯಾರೂ ಕರೆದಿಲ್ಲ.

ಇನ್ನೊಂದು ವಿಷಯ. 1920ರ ದಶಕದ ಕೊನೆಯ ತನಕ ಬಹಳಷ್ಟು ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಗುತ್ತಲ್ಲ, ನಳಿಗೆಯೊಳಗೂ ಅದೇ ಆಗುತ್ತದೆ. ಬರೀ ಎಣ್ಣೆ ಹಾಕಿ ಒರೆಸಿದರೆ ಉಪ್ಪು ಹೋಗುವುದಿಲ್ಲ, ಎಣ್ಣೆಯ ಕೆಳಗೇ ಕೂತು ತಿನ್ನುತ್ತದೆ. ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ. ನಮ್ಮ ಹಿರಿಯರು ಕೋವಿಗೆ ಬಿಸಿನೀರು ಹೊಯ್ಯುತ್ತಿದ್ದದ್ದು ಹುಚ್ಚಿಗಲ್ಲ. ನಿಮ್ಮ ಪ್ಯಾಕೆಟ್‌ಗಳಿಗೆ ಈ ತೊಂದರೆ ಇರಲಾರದು, ಆದರೆ ಮಾವನವರ ರೈಫಲ್ ಅದಕ್ಕಿಂತ ಹಳೆಯದಾಗಿದ್ದರೆ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಸಿಡುಬಿನ ಕಲೆಯ ಹಾಗೆ ಗುಳಿ ಇದ್ದರೆ ಕಾರಣ ಅದೇ.

ತೆಂಗಿನಕಾಯಿಗೆ ಹೊಸ ತೋಟಾ ತನ್ನಿ, ನಾಲ್ಕು ಹೊಡೆದರೆ ಸಾಕು. ಹಳೆಯದನ್ನು ಲೈಸನ್ಸ್ ಇರುವ ಅಂಗಡಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ರೈಫಲ್ ಲೈಸನ್ಸ್ ಬೇಡ ಅನ್ನುವ ವಿನಾಯಿತಿಯಲ್ಲಿದೆಯೋ ಲೈಸನ್ಸಿನಲ್ಲಿದೆಯೋ ನೀವು ಬರೆದಿಲ್ಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ ತನಕ ಮುಂದುವರಿಸಿದೆ. ಅದು ಕೋವಿ, ರೈಫಲ್‌ಗಳಿಗೆ. ರಿವಾಲ್ವರ್, ಪಿಸ್ತೂಲಿಗೆ ಅಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ರಿವಾಲ್ವರ್ ತೋಟಾ ಸಿಕ್ಕಿದರೆ "ನಮಗೆ ವಿನಾಯಿತಿ ಇದೆ" ಅಂತ ಸುಮ್ನೆ ಕೂರಬೇಡಿ ಅಂತ ಈ ಮಾತು ಸೇರಿಸಿದೆ, ನಿಮಗಲ್ಲ, ಉಳಿದವರಿಗೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಟೀರಿಯರ್ ಕಂಟ್ರಾಕ್ಟರ್. ಹಳೇ ಆಫೀಸ್ ಒಡೆಯುವಾಗ ಫಾಲ್ಸ್ ಸೀಲಿಂಗ್ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಿಕ್ಕಿಸಿದ ಸಣ್ಣ ಹಿತ್ತಾಳೆ ತೋಟಾಗಳು ಸಿಕ್ಕವು. ಗುಂಡು ಇಲ್ಲ, ಮೂತಿ ಮಡಚಿ ಹಸಿರು ಬಣ್ಣ ಹಚ್ಚಿದೆ. ಹುಡುಗರು ಹೆದರಿ ಕೆಲಸ ನಿಲ್ಲಿಸಿದ್ದಾರೆ. ಭಯೋತ್ಪಾದಕರದ್ದಾ?

ಉತ್ತರ: ಅಲ್ಲ ಮಾರಾಯ್ರೆ. ಕಾರ್ಪೆಂಟರದ್ದು. ಕಾಂಕ್ರೀಟಿಗೆ ಮೊಳೆ ಹೊಡೆಯುವ ಗನ್ ನೋಡಿದ್ದೀರಲ್ಲ, ಅದರಲ್ಲಿ ಕೆಲವು ಮದ್ದಿನ ಬಲದಿಂದ ಕೆಲಸ ಮಾಡುತ್ತವೆ. ಅದರ ತೋಟಾ ಇದು. ಬಣ್ಣ ಅಂದರೆ ಬಲದ ಗುರುತು. ತಳ ತಿರುಗಿಸಿ ನೋಡಿ, ನಡುವೆ ಕೇಪು ಇರುವುದಿಲ್ಲ. ಇದೂ ರಿಮ್‌ಫೈರ್ ಜಾತಿಯದ್ದೇ.

ಗುಂಡು ಇಲ್ಲ ಅಂತ ಸಲಿಗೆ ಬೇಡ. ಮೊಳೆಯನ್ನು ಕಾಂಕ್ರೀಟಿನೊಳಗೆ ಇಳಿಸುವ ಮದ್ದು ಬೆರಳಿನ ಮಾತು ಕೇಳುವುದಿಲ್ಲ. ಪಟ್ಟಿಯಿಂದ ಬಿಡಿಸಬೇಡಿ, ಡೆಬ್ರಿಸ್ ಜೊತೆ ಲಾರಿಗೆ ತುಂಬಬೇಡಿ. ಆ ಗನ್ ಮಾರುವ, ಬಾಡಿಗೆಗೆ ಕೊಡುವ ಡೀಲರಿಗೆ ಫೋನ್ ಮಾಡಿ, ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲ ಅಂದರೆ ಠಾಣೆ. ಮತ್ತೆ ಮೇಲೆ ಹೇಳಿದ್ದೇ ದಾರಿ.

ಪ್ರಶ್ನೆ: ಹಳೇ ತೋಟಾಕ್ಕೆ ವಿದೇಶದಲ್ಲಿ ಭಾರೀ ಬೆಲೆ ಅಂತೆ, ಹೌದಾ? ನಮ್ಮಲ್ಲಿ ಒಂದು ಡಬ್ಬಿ ಇದೆ.
— ಮೂಡಿಗೆರೆ

ಉತ್ತರ: ಅಮೆರಿಕದಲ್ಲಿ ಇದನ್ನು ಕೂಡಿಡುವವರು ಇದ್ದಾರೆ. ಅವರಿಗೆ ಬಿಡಿ ತೋಟಾಕ್ಕಿಂತ ಲೇಬಲ್ ಹರಿಯದ ಸೀಲ್ ಡಬ್ಬಿ ಮುಖ್ಯ. ನೀವು ಇಲ್ಲಿಂದ ಮಾರಲು ಹೊರಟರೆ ಸಿಗುವುದು ಬೆಲೆ ಅಲ್ಲ, ಪೊಲೀಸ್ ಕೇಸು. ತೋಟಾ ಠಾಣೆಗೆ ಹೋಗಲಿ. ಬರೀ ಖಾಲಿ ರಟ್ಟಿನ ಡಬ್ಬಿಯನ್ನು ಇಟ್ಟುಕೊಳ್ಳಬಹುದಾ ಅಂತ ಅಲ್ಲಿಯ ಅಧಿಕಾರಿಯನ್ನೇ ಕೇಳಿ. ಆ ಕಾಲದ ಲೇಬಲ್ ಛಾಪಿಸಿದ ಚಂದಕ್ಕೆ ಫ್ರೇಮ್ ಹಾಕಿಸಬಹುದು. ನನ್ನ ಹತ್ತಿರವೂ ಒಂದಿದೆ.

ಪ್ರಶ್ನೆ: ಅಪ್ಪ ಶಿಕಾರಿಗೆ ಒಯ್ಯುತ್ತಿದ್ದ ಕ್ಯಾನ್ವಾಸ್ ಬ್ಯಾಗ್ ನನಗೆ ಬಲು ಇಷ್ಟ. ಆಫೀಸಿಗೂ ಪ್ರವಾಸಕ್ಕೂ ಅದನ್ನೇ ಬಳಸುತ್ತೇನೆ. ನಿಮ್ಮ ಹಿಂದಿನ ಅಂಕಣ ಓದಿ, ಒಳಗೆಲ್ಲಾದರೂ ತೋಟಾ ಉಳಿದಿರಬಹುದಾ ಅಂತ ಅನುಮಾನ ಬಂತು.
— ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್

ಉತ್ತರ: ಅನುಮಾನ ಸರಿಯಾಗಿಯೇ ಬಂದಿದೆ. ಬ್ಯಾಗನ್ನು ತಲೆಕೆಳಗು ಮಾಡಿ, ಒಳಗಿನ ಬಟ್ಟೆಯ ಹೊಲಿಗೆ ಎಲ್ಲೆಲ್ಲಿ ಬಿಟ್ಟಿದೆ ನೋಡಿ, ಬೆರಳು ಹಾಕಿ ತಡಕಿ. .22 ತೋಟಾ ಅಡಗಲು ಒಂದು ಇಂಚಿನ ತೂತು ಸಾಕು. ಏರ್‌ಪೋರ್ಟಿನ ಎಕ್ಸ್‌ರೇ ಯಂತ್ರಕ್ಕೆ ಅದು ನಿಮಗಿಂತ ಮೊದಲು ಕಾಣುತ್ತದೆ. ಗೊತ್ತಿಲ್ಲದೆ ಉಳಿದಿದ್ದಕ್ಕೆ ಶಿಕ್ಷೆ ಆಗಬಾರದು, ಇಟ್ಟುಕೊಂಡಿದ್ದು ತಿಳಿದೇ ಆಗಿರಬೇಕು ಅಂತ ಕೋರ್ಟುಗಳು ಹೇಳಿವೆ ನಿಜ. ಆದರೆ ಅದನ್ನು ಕೋರ್ಟಿನಲ್ಲಿ ಹೇಳಿಸಿಕೊಳ್ಳುವಷ್ಟರಲ್ಲಿ ನಿಮ್ಮ ವಿಮಾನ ಹೋಗಿ, ವಕೀಲರ ಫೀಸೂ ಹೋಗಿರುತ್ತದೆ. ಪ್ರಯಾಣಕ್ಕೆ ಬೇರೆ ಬ್ಯಾಗ್ ಕೊಂಡುಕೊಳ್ಳಿ.

ಅಚ್ಚಿಗೆ ಹೋಗುವ ಮುನ್ನ: ಸಕಲೇಶಪುರದ ಓದುಗರು ನಿನ್ನೆ ಸಂಜೆ ಫೋನ್ ಮಾಡಿದ್ದರು. ನನ್ನ ಉತ್ತರವನ್ನು ಪತ್ರಿಕೆಯವರು ಅವರಿಗೆ ಮೊದಲೇ ಕಳಿಸಿದ್ದರು, ಕಾಯುವ ವಿಷಯ ಅಲ್ಲವಲ್ಲ. ಅವರು ಠಾಣೆಗೆ ಫೋನ್ ಮಾಡಿದ್ದಾರೆ, ಇಬ್ಬರು ಮನೆಗೇ ಬಂದಿದ್ದಾರೆ, ಕಾಫಿ ಕುಡಿದಿದ್ದಾರೆ, ಜಗಲಿಯ ಮೇಲೆ ಪೇಪರ್ ಹಾಸಿ ಎಣಿಸಿದ್ದಾರೆ. 49 ಬಂತಂತೆ. ಮತ್ತೆ ಎಣಿಸಿದರೂ 49. ಅರ್ಜಿಯಲ್ಲಿ 50 ಅಂತ ಬರೆದಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರಂತೆ. ಆಗ ಹುಡುಗ ಒಳಗೆ ಹೋಗಿ ಶಾಲೆ ಬ್ಯಾಗಿನಿಂದ ಪೆನ್ಸಿಲ್ ಬಾಕ್ಸ್ ತಂದು ಮೆಲ್ಲಗೆ ಪೊಲೀಸರ ಮುಂದೆ ಇಟ್ಟ. "ಇವನು ಸೇನಾಪತಿ" ಅಂದನಂತೆ.